"ಬರೀ ಮಾತು" ಅಂದವರಿಗೆ

ರಾತ್ರಿ ಹನ್ನೊಂದು ದಾಟಿದೆ. ಇಷ್ಟು ಹೊತ್ತಿಗೆ ಮಲಗಿರಬೇಕಿತ್ತು. ಆದರೆ ಸಂಜೆ ಕೇಳಿದ ಎರಡು ಪದ ತಲೆ ಬಿಟ್ಟು ಹೋಗುತ್ತಿಲ್ಲ. ಬರೆದರೆ ಹೋಗಬಹುದೇನೋ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಶನಿವಾರದ ಗುಂಪು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಮನಸ್ಸಿನ ಕಾಯಿಲೆ ಕಂಡವರೇ ಸೇರಿ ಕೂತು, ಒಬ್ಬರ ಅನುಭವ ಇನ್ನೊಬ್ಬರು ಕೇಳುವ ಗುಂಪು. ನಾನೂ ಅಂಥ ಕಾಯಿಲೆಯಲ್ಲಿದ್ದಾಗಲೇ ಅಲ್ಲಿಗೆ ಹೋಗಲು ಶುರು ಮಾಡಿದೆ. ಆ ಎರಡು ವರ್ಷದ ಕಥೆಯನ್ನು ಮತ್ತೆ ಹೇಳುವುದಿಲ್ಲ. ಇವತ್ತು ನಡೆದದ್ದನ್ನು ಹೇಳುತ್ತೇನೆ. ಸಂಬಂಧಪಟ್ಟ ಇಬ್ಬರನ್ನೂ ಕೇಳಿದ್ದೇನೆ. ಅವರು ಹೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ.

ಒಬ್ಬ ಹುಡುಗ ಐದು ವಾರದಿಂದ ಬರುತ್ತಿದ್ದಾನೆ. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾನೆ. ಬ್ಯಾಗನ್ನು ತೊಡೆ ಮೇಲಿಂದ ಇಳಿಸುವುದಿಲ್ಲ. ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾನೆ, ಬಿಚ್ಚುತ್ತಾನೆ, ಮತ್ತೆ ಸುತ್ತುತ್ತಾನೆ. ತನ್ನ ಸರದಿ ಬಂದಾಗ "ಇವತ್ತು ಬೇಡ" ಅನ್ನುತ್ತಾನೆ. ನಾವು ಯಾರೂ ಒತ್ತಾಯ ಮಾಡುವುದಿಲ್ಲ. ಮೊದಲ ದಿನದಿಂದ ನಡೆದು ಬಂದ ಕ್ರಮ ಅದು.

ಇವತ್ತು ಗುಂಪಿನ ಹಿರಿಯರೊಬ್ಬರು ಮಾತಾಡಿದರು. ಅರವತ್ತು ದಾಟಿದವರು. "ಆಗ ನನಗೆ ಸ್ನಾನ ಮಾಡೋಕೇ ಆಗ್ತಿರಲಿಲ್ಲ. ಬೆಳಿಗ್ಗೆ ಎದ್ದು ಟವೆಲ್ ತಗೊಂಡು ಮಂಚದ ತುದೀಲಿ ಕೂರ್ತಿದ್ದೆ. ಎದ್ದು ನಾಲ್ಕು ಹೆಜ್ಜೆ ಹೋಗಬೇಕು, ಅಷ್ಟೇ. ಮಧ್ಯಾಹ್ನ ಆದ್ರೂ ಟವೆಲ್ ಕೈಯಲ್ಲೇ ಇರ್ತಿತ್ತು."

ಹುಡುಗ ತಲೆ ಎತ್ತಿದ. "ನಿಮಗೂ ಟವೆಲ್ಲಾ ಸರ್?" ಅಂದ.

ಆಮೇಲೆ ಬ್ಯಾಗನ್ನು ನೆಲಕ್ಕಿಟ್ಟ. ಐದು ವಾರದಲ್ಲಿ ಮೊದಲ ಸಲ. ಇಪ್ಪತ್ತು ನಿಮಿಷ ಮಾತಾಡಿದ. ತಾನು ಸೋಮಾರಿ ಅಂತ ಮನೆಯವರು ಹೇಳಿದ್ದನ್ನು ತಾನೂ ನಂಬಿಬಿಟ್ಟಿದ್ದನಂತೆ. ಸ್ನಾನ ಮಾಡದೆ ತಲೆಗೆ ಮಾತ್ರ ನೀರು ಹಾಕಿಕೊಂಡು ಹೊರಗೆ ಬರುತ್ತಿದ್ದನಂತೆ, ಯಾರಿಗೂ ಗೊತ್ತಾಗಬಾರದು ಅಂತ. ಹಿರಿಯರು ಒಂದು ಸಲವೂ ಬುದ್ಧಿ ಹೇಳಲಿಲ್ಲ. "ಆಮೇಲೆ?" ಅಂತ ಎರಡು ಸಲ ಕೇಳಿದರು, ಅಷ್ಟೇ.

ನಾನು ಕಣ್ಣು ಒರೆಸಿಕೊಂಡೇ ಹೊರಗೆ ಬಂದೆ. ಎಷ್ಟೋ ದಿನದ ಮೇಲೆ ಅಷ್ಟು ಖುಷಿಯಾಗಿತ್ತು.

ಹೊರಗೆ ಒಬ್ಬರು ನಿಂತಿದ್ದರು. ನಾವು ಕೂರುವ ಕೋಣೆ ಅವರ ಸಂಸ್ಥೆಯದು. ಮುಂದಿನ ತಿಂಗಳಿಂದ ನಮಗೆ ಕೊಡಬೇಕೋ ಬೇಡವೋ ಅಂತ ನೋಡಿಕೊಂಡು ಹೋಗಲು ಬಂದಿದ್ದರು. ಒರಟರೇನಲ್ಲ, ಮರ್ಯಾದೆಯಿಂದಲೇ ಮಾತಾಡಿಸಿದರು. "ಚೆನ್ನಾಗಿ ನಡೆಸ್ತಿದ್ದೀರಿ. ಆದ್ರೆ ಇದು ಬರೀ ಮಾತು ಅಲ್ವಾ? ಟ್ರೀಟ್‌ಮೆಂಟ್ ಅಂತ ಏನೂ ಇಲ್ಲ."

ಬರೀ ಮಾತು.

ನನಗೆ ಬಾಯಿಂದ ಉತ್ತರವೇ ಹೊರಡಲಿಲ್ಲ. ಸುಮ್ನೆ ತಲೆ ಆಡಿಸಿ ಬಂದೆ. ದಾರಿಯುದ್ದಕ್ಕೂ ನನ್ನ ಮೇಲೇ ಸಿಟ್ಟು. ಅಲ್ಲೇ ನಿಂತು ಹೇಳಬೇಕಾಗಿದ್ದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ.

ಐದು ವಾರ ಒಂದು ಪದ ಆಡದ ಹುಡುಗನ ಬಾಯಿ ಬಿಡಿಸಿದ್ದು ಏನು? ಅವನಿಗೆ ಧೈರ್ಯ ಹೇಳಿದವರು ಕಡಿಮೆಯೇನಿರಲಿಲ್ಲ. "ಮನಸ್ಸು ಗಟ್ಟಿ ಮಾಡ್ಕೋ", "ಒಳ್ಳೇದು ಯೋಚನೆ ಮಾಡು" ಅಂತ ಎಲ್ಲರೂ ಹೇಳಿದ್ದರು. ಅದು ನಿಜಕ್ಕೂ ಬರೀ ಮಾತು. ಇವತ್ತು ಅವನಿಗೆ ಸಿಕ್ಕಿದ್ದು ಬೇರೆ. ತನ್ನ ಒಳಗಿನ ಅತ್ಯಂತ ನಾಚಿಕೆಯ ಗುಟ್ಟನ್ನು ಇನ್ನೊಬ್ಬರು ತಮ್ಮದು ಅಂತ ಎಲ್ಲರೆದುರು ಹೇಳಿದರು. ಇನ್ನು ಅವನು ವಿವರಿಸಬೇಕಾಗಿರಲಿಲ್ಲ. ಈ ಕಾಯಿಲೆ ಬಂದವರಿಗೆ ಗೊತ್ತು, ನೋವಿನಷ್ಟೇ ಸುಸ್ತು ಮಾಡುವುದು ಅದನ್ನು ವಿವರಿಸುವ ಕೆಲಸ.

ಮಾತಿಗೆ ಲೆಕ್ಕ ಬೇಕು ಅನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳುತ್ತೇನೆ. ಇದು ನನಗೆ ತುಂಬ ಇಷ್ಟ. ಇಂಗ್ಲೆಂಡ್‌ನಲ್ಲಿ ನಡೆದದ್ದು, 2018ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಾನಸಿಕ ಆರೋಗ್ಯ ತೀರಾ ಹದಗೆಟ್ಟು, ತುರ್ತು ತಂಡಗಳ ಆರೈಕೆ ಪಡೆದು, ಅಲ್ಲಿಂದ ಬಿಡುಗಡೆಯಾದ 441 ಜನರನ್ನು ತೆಗೆದುಕೊಂಡರು. ಮತ್ತೆ ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ, ಮುನ್ಸೂಚನೆ ಕಂಡರೆ ಏನು ಮಾಡಬೇಕು ಅಂತ ತಾವೇ ಬರೆದು ತುಂಬುವ ಒಂದು ಪುಸ್ತಕ ಮಾಡಿದ್ದರು. ಅರ್ಧ ಜನಕ್ಕೆ ಆ ಪುಸ್ತಕ ಅಂಚೆಯಲ್ಲಿ ಹೋಯಿತು. ಇನ್ನರ್ಧ ಜನಕ್ಕೆ ಅದೇ ಪುಸ್ತಕ, ಜೊತೆಗೆ ಅದನ್ನು ಪಕ್ಕದಲ್ಲಿ ಕೂತು ತುಂಬಿಸಲು ಒಬ್ಬ ಮನುಷ್ಯ. ತಾನೂ ಅಂಥ ಕಷ್ಟ ಕಂಡು ಎದ್ದು ಬಂದವರು, ತರಬೇತಿ ಪಡೆದವರು. ಹೆಚ್ಚೆಂದರೆ ಹತ್ತು ಸಲ ಭೇಟಿ.

ಒಂದು ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಮರಳಿದವರು ಅಂಚೆಯ ಗುಂಪಿನಲ್ಲಿ ಶೇ. 38. ಜೊತೆಗೆ ಮನುಷ್ಯ ಇದ್ದ ಗುಂಪಿನಲ್ಲಿ ಶೇ. 29. ಪುಸ್ತಕ ಎರಡೂ ಕಡೆ ಒಂದೇ, ನೆನಪಿಡಿ. ಪಕ್ಕದ ಕುರ್ಚಿ ಮಾತ್ರ ಒಂದು ಕಡೆ ಖಾಲಿ, ಇನ್ನೊಂದು ಕಡೆ ತುಂಬಿತ್ತು.

ಈಗ ನನ್ನ ವಿಷಯ. ಇದನ್ನು ಇಲ್ಲಿವರೆಗೂ ಎಲ್ಲೂ ಬರೆದಿಲ್ಲ. "ಬರೀ ಮಾತು" ಅಂತ ಮೊದಲು ಅಂದದ್ದು ನಾನೇ. ಡಾಕ್ಟರು "ಒಂದು ಗುಂಪಿದೆ, ಹೋಗಿ ನೋಡಿ" ಅಂದಾಗ ನನಗೆ ಅವಮಾನವಾಗಿತ್ತು. ನಾನು ಮಾತ್ರೆ ಕೇಳಲು ಬಂದವಳು, ಗೋಳು ಹಂಚಿಕೊಳ್ಳಲು ಬಂದವಳಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಮೊದಲ ಸಲ ಹೋದಾಗ ಅರ್ಧಕ್ಕೇ ಎದ್ದು ಬಂದೆ. ಎರಡನೇ ಸಲ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ಡಾಕ್ಟರ ಮುಂದೆ ನಾನು ಹೇಗಿದ್ದೆ ಗೊತ್ತಾ? ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆ. ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ, ಎಲ್ಲದಕ್ಕೂ "ಪರವಾಗಿಲ್ಲ". ಹತ್ತು ನಿಮಿಷದಲ್ಲಿ ಮುಗಿಸಿ ಎದ್ದು ಬರುತ್ತಿದ್ದೆ. ಅವರ ತಪ್ಪಿಲ್ಲ, ಹೊರಗೆ ನಲವತ್ತು ಜನ ಕಾಯುತ್ತಿರುತ್ತಿದ್ದರು. ನಾನು ಹೇಳದೇ ಇದ್ದದ್ದು ಇಷ್ಟು: ಫೋನನ್ನು ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿ ಇಡುತ್ತಿದ್ದೆ. ಅದು ಹೊಡೆದುಕೊಳ್ಳುವುದು ಕೇಳಿದರೆ ಎದೆ ಬಿಗಿದು ಉಸಿರೇ ನಿಂತ ಹಾಗೆ ಆಗುತ್ತಿತ್ತು. ಇದನ್ನು ಹೇಳಿದರೆ ಹುಚ್ಚಿ ಅಂದುಕೊಳ್ಳುತ್ತಾರೆ ಅಂತ ಭಯ.

ಒಂದು ಶನಿವಾರ ಗುಂಪಿನಲ್ಲಿ ಒಬ್ಬ ಅಕ್ಕ ಹೇಳಿದರು, "ನಾನು ಫೋನನ್ನ ದಿಂಬಿನ ಕವರಿಗೆ ಹಾಕಿ ಗಂಟು ಕಟ್ಟಿ ಇಡ್ತಿದ್ದೆ" ಅಂತ. ನಾನು ಅಲ್ಲೇ ಜೋರಾಗಿ ಅತ್ತುಬಿಟ್ಟೆ. ಅಳು ನಿಂತ ಮೇಲೆ ಅವರು ಕೇಳಿದರು, "ಇದನ್ನ ಡಾಕ್ಟರಿಗೆ ಹೇಳಿದ್ದೀಯಾ?" ಇಲ್ಲ ಅಂದೆ. "ಒಂದು ಚೀಟೀಲಿ ಬರ್ಕೊಂಡು ಹೋಗು. ಹೇಳೋಕೆ ಆಗಲ್ಲ ಅಂದ್ರೆ ಚೀಟಿ ಕೊಟ್ಟುಬಿಡು." ಹಾಗೇ ಮಾಡಿದೆ. ಡಾಕ್ಟರು ಓದಿ, ಕನ್ನಡಕ ತೆಗೆದು, "ಇದು ಎಷ್ಟು ದಿನದಿಂದ?" ಅಂದರು. ಔಷಧಿ ಬದಲಾಯಿತು. ನಾನು ಚೇತರಿಸಿಕೊಳ್ಳಲು ಶುರುವಾದದ್ದು ಅಲ್ಲಿಂದ.

ಆ ಮಾತು ಇಲ್ಲದಿದ್ದರೆ ಆ ಔಷಧಿಯೂ ಸಿಗುತ್ತಿರಲಿಲ್ಲ. ಗುಂಪು ಬೇಕೋ ಡಾಕ್ಟರು ಬೇಕೋ ಅಂತ ಯಾರಾದರೂ ಕೇಳಿದರೆ ನನಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಹಿಂದೆಯೂ ಹೀಗೇ ಆಗಿದೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಬಿಲ್ ವಿಲ್ಸನ್ ಅಂತ ಒಬ್ಬರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟುಹೋಗಿ ಹೋಟೆಲ್‌ನಲ್ಲಿ ಒಬ್ಬರೇ ನಿಂತಿದ್ದರು. ಬಾರ್ ಕರೆಯುತ್ತಿತ್ತು. ಅವರು ಹುಡುಕಿದ್ದು ಡಾಕ್ಟರನ್ನಲ್ಲ, ತನ್ನಂಥ ಇನ್ನೊಬ್ಬ ಕುಡುಕನನ್ನು. ಫೋನ್ ಮೇಲೆ ಫೋನ್ ಮಾಡಿ ಕೊನೆಗೆ ಸಿಕ್ಕವರು ಬಾಬ್ ಸ್ಮಿತ್. ಅವರು ಸ್ವತಃ ಶಸ್ತ್ರವೈದ್ಯರು! ಕುಡಿತ ದೇಹಕ್ಕೆ ಏನು ಮಾಡುತ್ತೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗೊತ್ತಿದ್ದೂ ಬಿಡಲು ಆಗಿರಲಿಲ್ಲ. ಕಾಲು ಗಂಟೆ ಮಾತ್ರ ಕೂರುತ್ತೇನೆ ಅಂತ ಹೇಳಿ ಬಂದವರು ಗಂಟೆಗಟ್ಟಲೆ ಕೂತರು. ಆ ಮಾತಿನಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ಜೊತೆಯಾಗುವವರ ಗುಂಪುಗಳು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಜನರನ್ನು ಈ ಗುಂಪುಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಬೇರೆ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮುಂದಿತ್ತು.

ನನ್ನನ್ನು ಹೆಚ್ಚು ಕಾಡುವುದು ಈ ಕಥೆಯ ಇನ್ನೊಂದು ತುದಿ. ವಿಲ್ಸನ್ ಅವತ್ತು ಉಪಕಾರ ಮಾಡಲು ಹೋದವರಲ್ಲ. ಇನ್ನೊಬ್ಬರ ಜೊತೆ ಮಾತಾಡದಿದ್ದರೆ ತಾನೇ ಕುಡಿಯುತ್ತೇನೆ ಅಂತ ಹೋದವರು. ಇವತ್ತು ನಮ್ಮ ಹಿರಿಯರ ಮುಖ ನೀವು ನೋಡಬೇಕಿತ್ತು. ಆ ಟವೆಲ್ ಹಿಡಿದು ಕೂತ ದಿನಗಳು ಅವರ ಪಾಲಿಗೆ ಇಷ್ಟು ವರ್ಷ ವ್ಯರ್ಥ ದಿನಗಳಾಗಿದ್ದವು. ಇವತ್ತು ಅವು ಒಬ್ಬ ಹುಡುಗನಿಗೆ ಬೇಕಾದವು.

ಹಾಂ, ಒಂದು ಆಕ್ಷೇಪ ಇದೆ. ನನಗೂ ಗೊತ್ತು. ತರಬೇತಿ ಇಲ್ಲದವರು ಬಾಯಿಗೆ ಬಂದದ್ದು ಹೇಳಿ ಅನಾಹುತ ಮಾಡುತ್ತಾರೆ ಅಂತ. ಆಗಿದೆ. ನಮ್ಮಲ್ಲೇ ಆಗಿದೆ. ಒಬ್ಬರು "ನಾನು ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ" ಅಂದರು. ಅದನ್ನು ಕೇಳಿ ಇನ್ನೊಬ್ಬರು ಬಿಟ್ಟರು. ಅವರು ಮೂರು ವಾರದಲ್ಲಿ ಆಸ್ಪತ್ರೆ ಸೇರಿದರು. ಆ ದಿನ ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದರ ನೋವು ಇನ್ನೂ ಇದೆ.

ಆದರೆ ಇದರಿಂದ ಗುಂಪೇ ಬೇಡ ಅನ್ನುವುದು ಎಲ್ಲಿಯ ನ್ಯಾಯ? ಹಾಗಾದ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಅವರವರ ಅನುಭವ ಹೇಳಬಹುದು, ಇನ್ನೊಬ್ಬರ ಮಾತ್ರೆ ಬಗ್ಗೆ ಸಲಹೆ ಕೊಡುವ ಹಾಗಿಲ್ಲ. ಯಾರಿಗಾದರೂ ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಗುಂಪಿನಲ್ಲೇ ಮುಚ್ಚಿಡುವ ಹಾಗಿಲ್ಲ, ಅದೇ ದಿನ ಡಾಕ್ಟರ ಹತ್ತಿರ ಜೊತೆಗೆ ಹೋಗಬೇಕು. ಜಿಂಬಾಬ್ವೆಯ ಅಜ್ಜಿಯರು ಇದನ್ನು ನಮಗಿಂತ ಎಷ್ಟೋ ಚೆನ್ನಾಗಿ ಮಾಡಿ ತೋರಿಸಿದ್ದಾರೆ.

ಅಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಹದಿನಾಲ್ಕು ಅಜ್ಜಿಯರ ಜೊತೆ ಕೆಲಸ ಶುರು ಮಾಡಿದರು. ಕ್ಲಿನಿಕ್ ಒಳಗೆ ಅವರಿಗೆ ಕೋಣೆ ಸಿಗಲಿಲ್ಲ. (ಇದನ್ನು ಓದಿದಾಗ ನಮ್ಮ ಕೋಣೆಯ ಗತಿ ನೆನಪಾಗಿ ಸಂಕಟವಾಯಿತು.) ಹಾಗಾಗಿ ಹೊರಗೆ ಮರದ ಬೆಂಚು ಹಾಕಿದರು. ಡಾಕ್ಟರು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಅಂತ ಹೆಸರಿಟ್ಟರೆ ಯಾರೂ ಬಂದು ಕೂರುವುದಿಲ್ಲ ಅಂದರು ಅಜ್ಜಿಯರು. ಅದು ಗೆಳೆತನದ ಬೆಂಚು ಆಯಿತು. ಖಿನ್ನತೆ ಅನ್ನುವ ಪದವನ್ನೂ ಅವರು ಹೆಚ್ಚು ಬಳಸಲಿಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಅಂತ ಇದೆ, ಅಂದರೆ ಅತಿಯಾಗಿ ಯೋಚಿಸುವುದು. ಜನ ಬಳಸುವ ಆ ಪದದಿಂದಲೇ ಮಾತು ಶುರುವಾಗುತ್ತಿತ್ತು.

ಆ ಅಜ್ಜಿಯರಿಗೆ ತರಬೇತಿ ಇತ್ತು. ಕೇಳಲು ಹದಿನಾಲ್ಕು ಪ್ರಶ್ನೆಗಳಿದ್ದವು. ಅಪಾಯದಲ್ಲಿ ಇರುವವರನ್ನು ಮೇಲಿನವರ ಹತ್ತಿರ ಕಳಿಸುತ್ತಿದ್ದರು. ಅವರ ಕೆಲಸವನ್ನು ನೋಡಿಕೊಳ್ಳುವವರಿದ್ದರು. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ, ಮಾಮೂಲಿ ಆರೈಕೆ ಪಡೆದವರಲ್ಲಿ ಸುಮಾರು ಅರ್ಧ ಜನರಿಗೆ ಖಿನ್ನತೆಯ ಲಕ್ಷಣಗಳಿದ್ದವು. ಬೆಂಚಿನ ಮೇಲೆ ಕೂತು ಮಾತಾಡಿದವರಲ್ಲಿ ಶೇ. 14 ಮಾತ್ರ. ಬೆಂಚಿನ ಭೇಟಿಗಳು ಮುಗಿದ ಮೇಲೆ ಮಹಿಳೆಯರು ತಮ್ಮದೇ ಗುಂಪು ಕಟ್ಟಿಕೊಂಡು, ಪ್ಲಾಸ್ಟಿಕ್‌ನಿಂದ ಚೀಲ ಹೆಣೆಯುತ್ತಾ ಮಾತು ಮುಂದುವರಿಸಿದರು.

"ಬರೀ ಮಾತು" ಅನ್ನುವುದು ನನಗೆ ಇಷ್ಟು ಚುಚ್ಚಲು ಇನ್ನೊಂದು ಕಾರಣ ಇದೆ. ಬರೀ ಮಾತು ಅಂದಮೇಲೆ ಅದಕ್ಕೆ ಕೋಣೆ ಬೇಡ, ತರಬೇತಿ ಬೇಡ, ಸಂಬಳವಂತೂ ಬೇಡವೇ ಬೇಡ. ಯಾರು ಬೇಕಾದರೂ ಮಾಡಬಹುದು, ಪುಕ್ಕಟೆ ಮಾಡಬಹುದು ಅಂತ ಆಗುತ್ತೆ. ಫೋನಿಗೆ ಗಂಟು ಕಟ್ಟುತ್ತಿದ್ದ ಅಕ್ಕನ ಬಗ್ಗೆ ಹೇಳಿದೆನಲ್ಲ, ಅವರು ಏಳು ವರ್ಷ ಈ ಗುಂಪು ನಡೆಸಿದರು. ಗುಂಪಿನವರು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎತ್ತುತ್ತಿದ್ದರು. ಒಂದು ಕಾಲಕ್ಕೆ ಫೋನಿನ ಸದ್ದಿಗೇ ಹೆದರುತ್ತಿದ್ದವರು! ಎಲ್ಲರ ಭಾರವನ್ನೂ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಹೋದ ವರ್ಷ ಅವರೇ ಕುಸಿದರು. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ನೋಡಲು ಹೋದಾಗ ಒಂದೇ ಮಾತು ಹೇಳಿದರು: "ನನ್ನನ್ನ ಕೇಳೋರು ಯಾರೂ ಇರಲಿಲ್ಲ ಕಣೇ."

ನನಗೆ ಇವತ್ತಿಗೂ ಅದನ್ನು ನೆನೆದರೆ ಗಂಟಲು ಕಟ್ಟುತ್ತೆ. ಅವರ ಹತ್ತಿರ ಎದೆ ಹಗುರ ಮಾಡಿಕೊಂಡು ಬಂದವರಲ್ಲಿ ನಾನೂ ಒಬ್ಬಳು. "ನೀವು ಹೇಗಿದ್ದೀರಿ ಅಕ್ಕ?" ಅಂತ ಎಷ್ಟು ಸಲ ಕೇಳಿದ್ದೆ? ಲೆಕ್ಕ ಹಾಕಲು ಹೋದರೆ ಒಂದು ಕೈ ಬೆರಳೂ ಜಾಸ್ತಿ. ಈಗ ಅವರು ಸುಧಾರಿಸಿದ್ದಾರೆ. ಪ್ರತಿ ಗುರುವಾರ ನಾನು ಹೋಗುತ್ತೇನೆ, ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ.

ಸಂಜೆಯ ಆ ಸಜ್ಜನರಿಗೆ ನಾಳೆ ಪತ್ರ ಬರೆಯುತ್ತೇನೆ. ಇಷ್ಟೆಲ್ಲ ಬರೆಯುವುದಿಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಆ ಕೋಣೆ ಕೊಡಿ ಅಂತ ಕೇಳುತ್ತೇನೆ. ಗುಂಪು ನಡೆಸುವ ಇಬ್ಬರಿಗೆ ತರಬೇತಿ ಕೊಡಿಸಿ, ಅವರ ಕೆಲಸಕ್ಕೆ ಸಂಬಳ ಕೊಡಿ, ತಿಂಗಳಿಗೊಮ್ಮೆ ಅವರ ಮನಸ್ಸಿನ ಮಾತು ಕೇಳಲು ಒಬ್ಬರನ್ನು ಗೊತ್ತು ಮಾಡಿ ಅಂತಲೂ ಕೇಳುತ್ತೇನೆ. ಬಾಗಿಲ ಗಾಜಿನಿಂದ ನೋಡಿದರೆ ಮಾತು ಮಾತ್ರ ಕಾಣುತ್ತೆ, ಒಳಗೆ ಬಂದು ನಿಮ್ಮದೇ ಒಂದು ಕಷ್ಟ ಹೇಳಿ ಅಂತಲೂ ಬರೆಯಬೇಕು ಅನ್ನಿಸುತ್ತಿದೆ. ನೋಡೋಣ.

ಹೊರಡುವಾಗ ಆ ಹುಡುಗ ಮೆಟ್ಟಿಲ ಹತ್ತಿರ ನಿಂತಿದ್ದ. ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದ. "ಮುಂದಿನ ವಾರಾನೂ ಇದೇ ಟೈಮಾ ಅಕ್ಕ? ಇದೇ ಕೋಣೇನಾ?" ಅಂದ.

ಮುಂದಿನ ಶನಿವಾರಕ್ಕೆ ಹೊಸ ತಿಂಗಳು ಹುಟ್ಟಿರುತ್ತೆ. ಕೋಣೆ ಇರುತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೂ "ಹೂಂ, ಇದೇ ಟೈಮು. ಬಾ" ಅಂದೆ. ಕೋಣೆಯ ಬಗ್ಗೆ ಏನೂ ಹೇಳಲಿಲ್ಲ.

ಹನ್ನೆರಡು ಕುರ್ಚಿ ಹಿಡಿಸುವ, ಬಾಗಿಲು ಮುಚ್ಚಿಕೊಳ್ಳಬಹುದಾದ ಜಾಗ ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ. ಶನಿವಾರ ಸಂಜೆ ಐದರಿಂದ ಏಳು.