ಸತ್ಯಾಂಶ: ಲಸಿಕೆಯಲ್ಲಿ ಹೊಳೆಯುವ ಲೋಹದ ಕಣ ಇದೆಯಾ?

“ಲಸಿಕೆಯಲ್ಲಿ ಹೊಳೆಯುವ ಲೋಹದ ನ್ಯಾನೋ ಕಣ ಹಾಕಿದ್ದಾರೆ, ನೀವು ಎಲ್ಲಿದ್ದೀರೆಂದು ಮೊಬೈಲಿಗೆ ಗೊತ್ತಾಗುತ್ತದೆ” ಎಂದು ಕೋವಿಡ್ ಲಸಿಕೆಯ ಬಗ್ಗೆ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ಸುಳ್ಳು.

ಹೊಳೆಯುವ ಕಣಗಳು ಇರುವುದಂತೂ ನಿಜ. ಚಿನ್ನವನ್ನು 2 ನ್ಯಾನೋಮೀಟರ್‌ಗಿಂತ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್) ಚಿಕ್ಕದಾಗಿಸಿದರೆ, ಅಂದರೆ ಹತ್ತಾರರಿಂದ ಕೆಲವು ನೂರು ಪರಮಾಣುಗಳ ಗುಂಪಾಗಿಸಿದರೆ, ಅದರ ಗುಣವೇ ಬದಲಾಗುತ್ತದೆ. ಪ್ರೋಟೀನ್ ಹೊದಿಸಿದ 25 ಪರಮಾಣುಗಳ ಚಿನ್ನದ ಗುಂಪಿನ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ಎಷ್ಟು ಚೆಂದ ಅಲ್ವಾ! ಇಂಥ ಕಣಗಳನ್ನು ಜೀವಂತ ಕೋಶದೊಳಗೆ ಕಳಿಸಿ, ಸೂಕ್ಷ್ಮದರ್ಶಕದಲ್ಲಿ ಅದರ ಒಳಗನ್ನು ನೋಡುತ್ತಾರೆ.

ಆದರೆ ಬೆಳಕು ಬಿಟ್ಟಾಗ ಮಾತ್ರ ಅದು ಹೊಳೆಯುತ್ತದೆ. ಬ್ಯಾಂಕಿನಲ್ಲಿ ನೇರಳೆ ದೀಪದ ಕೆಳಗೆ ಹಿಡಿದಾಗ ನೋಟಿನ ನಂಬರು ಹೊಳೆಯುವ ಹಾಗೆ. ಕಣದಲ್ಲಿ ಬ್ಯಾಟರಿಯಿಲ್ಲ, ಆಂಟೆನಾ ಇಲ್ಲ. ಅದು ಯಾರಿಗೂ ಸಿಗ್ನಲ್ ಕಳಿಸಲಾರದು.

ಈ ಗಾಳಿಸುದ್ದಿಗೆ ಒಂದು ಬೇರಿದೆ. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಾಮ್ರ ಆಧಾರಿತ ಕ್ವಾಂಟಮ್ ಡಾಟ್‌ಗಳನ್ನು (ಬೆಳಕು ಬಿಟ್ಟರೆ ಹೊಳೆಯುವ ಮತ್ತೊಂದು ಬಗೆಯ ನ್ಯಾನೋ ಕಣ) ಇಲಿಗಳ ಚರ್ಮದಡಿ ಇಟ್ಟರು. ಮಗುವಿಗೆ ಯಾವ ಲಸಿಕೆ ಆಗಿದೆ ಎಂದು, ಕಾಗದದ ದಾಖಲೆ ಇಲ್ಲದ ಕಡೆಯೂ ತಿಳಿಯಲಿ ಎಂಬುದು ಉದ್ದೇಶ. ಆ ಗುರುತು ಬರಿಗಣ್ಣಿಗೆ ಕಾಣದು. ಅದರ ಮೇಲೆ ವಿಶೇಷ ಬೆಳಕು ಬಿಟ್ಟು, ಮಾರ್ಪಡಿಸಿದ ಫೋನ್ ಕ್ಯಾಮೆರಾವನ್ನು ಹತ್ತಿರ ಹಿಡಿಯಬೇಕಿತ್ತು. ಊರು, ವಿಳಾಸ ಏನೂ ಅದರಲ್ಲಿರಲಿಲ್ಲ.

ನಮಗೆ ಹಾಕಿದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಇಂಥ ಕಣಗಳಿಲ್ಲ. ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇದೆ. ಅದು ಇರುವುದು ರೋಗನಿರೋಧಕ ಶಕ್ತಿ ಚೆನ್ನಾಗಿ ಎಚ್ಚೆತ್ತುಕೊಳ್ಳಲಿ ಎಂದು. ಅಲ್ಯೂಮಿನಿಯಂ ಲವಣಗಳನ್ನು ಲಸಿಕೆಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ.