ಸೈಜ್ ಬಂತು, ಮೈ ಬರಲಿಲ್ಲ

ನಿನ್ನೆ ಬಂದ ಪಾರ್ಟಿಯದೂ ಮತ್ತೆ ಅದೇ ಮಾತು. "ಒಂದೇ ಕಟ್‌ನಾಗ ತೆಗೆದು ಕೊಡ್ರಿ, ಸೈಜ್ ಬಂದ್ರ ಸಾಕು." ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ, ತಂತಿಯಿಂದ ಲೋಹ ಕತ್ತರಿಸುವ ವೈರ್‌ಕಟ್ ಮೆಷಿನ್ ಮುಂದೆ ನಿಂತು ಇದನ್ನು ಕೇಳಿ ಕೇಳಿ ಸಾಕಾಗಿದೆ.

ಸೈಜ್ ಬರುತ್ತದೆ, ಇಲ್ಲ ಅನ್ನಲ್ಲ. ಮೈಕ್ರೋಮೀಟರ್ ಹಿಡಿದು ಅಳೆದುಕೊಳ್ಳಿ. ನನ್ನ ತಕರಾರು ಲೋಹದ ಮೈ ಬಗ್ಗೆ.

ವೈರ್‌ಕಟ್‌ನ ತಂತಿ ಗರಗಸದ ಹಾಗೆ ಕೊಯ್ಯುವುದಿಲ್ಲ, ಜಾಬ್ ಅನ್ನು, ಅಂದರೆ ಕತ್ತರಿಸುವ ತುಂಡನ್ನು, ಮುಟ್ಟುವುದೂ ಇಲ್ಲ. 0.25 ಮಿಲಿಮೀಟರ್ ಹಿತ್ತಾಳೆ ತಂತಿಗೂ ಸ್ಟೀಲಿಗೂ ನಡುವೆ, ನೀರಿನೊಳಗೆ, ಸೆಕೆಂಡಿಗೆ ಸಾವಿರಾರು ಕಿಡಿ ಹಾರುತ್ತವೆ. ಒಂದೊಂದು ಕಿಡಿಯೂ ಒಂದು ಪುಟ್ಟ ಗುಂಡಿ ತೋಡುತ್ತದೆ. ಪಲ್ಸ್ ಆನ್ ಟೈಮ್, ಅಂದರೆ ಒಂದೊಂದು ಕಿಡಿಗೆ ಕರೆಂಟ್ ಕೊಡುವ ಹೊತ್ತು, ಏರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಗುಂಡಿಗಳೂ ದೊಡ್ಡವಾಗುತ್ತವೆ. ಕರಗಿದ್ದೆಲ್ಲ ನೀರಿನ ಜೊತೆ ಕೊಚ್ಚಿ ಹೋಗುವುದಿಲ್ಲ. ಒಂದಿಷ್ಟು ಅಲ್ಲೇ ತಣಿದು ಹಕ್ಕಳೆಯಂತೆ ಅಂಟಿಕೊಳ್ಳುತ್ತದೆ. ಇದೇ ರೀಕಾಸ್ಟ್ ಲೇಯರ್. ಗಟ್ಟಿ, ಆದರೆ ಪೆಡಸು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು.

ಹಿಂದೆ ಹುಮನಾಬಾದ್ ಕಡೆಯ ಪಾರ್ಟಿಯೊಬ್ಬರಿಗೆ ಡಿ2 ಅನ್ನೋ ಟೂಲ್ ಸ್ಟೀಲಿನ ಪಂಚ್ (ತಗಡಿನಲ್ಲಿ ತೂತು ಹೊಡೆಯುವ ಉಪಕರಣ) ಹೀಗೇ ಒಂದೇ ಕಟ್‌ನಲ್ಲಿ ತೆಗೆದುಕೊಟ್ಟಿದ್ದೆ. ಕೆಲವೇ ದಿನಕ್ಕೆ ಅಂಚು ಚಕ್ಕೆ ಎದ್ದು ವಾಪಸ್ ಬಂತು. ಅವರು ಹೀಟ್ ಟ್ರೀಟ್‌ಮೆಂಟ್ ಮಾಡಿದವರಿಗೆ ಬೈದರು. ನಾನು ಸುಮ್ನೆ ನಿಂತಿದ್ದೆ. ಇವತ್ತಿಗೂ ಅದು ಚುಚ್ಚುತ್ತದೆ.

ಇದಕ್ಕೆ ದಾರಿ ಸ್ಕಿಮ್ ಕಟ್. ಕಿಡಿಯ ಬಲ ಇಳಿಸಿ, ತಂತಿಯನ್ನು ಸ್ವಲ್ಪವೇ ಒಳಕ್ಕೆ ಸರಿಸಿ, ಅದೇ ದಾರಿಯಲ್ಲಿ ಇನ್ನೊಂದು ಸುತ್ತು. ಮೊದಲ ಕಟ್‌ನಲ್ಲಿ ಸುಮಾರು 2.5, 3 ಮೈಕ್ರಾನ್ ಇದ್ದ ಆರ್‌ಎ, ಅಂದರೆ ಮೈಯ ಒರಟುತನದ ಅಳತೆ, ಎರಡು ಮೂರು ಸ್ಕಿಮ್ ಆದಮೇಲೆ 1ರ ಕೆಳಗೆ ಬರುತ್ತದೆ. ರೀಕಾಸ್ಟ್ ಕೂಡ ತೆಳುವಾಗುತ್ತದೆ.

ಕೆಲವರು ಎಮರಿ ಪೇಪರ್ ಉಜ್ಜಿ ಹೊಳಪು ತರುತ್ತಾರೆ. ಉಬ್ಬುಗಳ ತುದಿ ಸವೆಯುತ್ತದೆ, ಆರ್‌ಎ ಕೂಡ ಇಳಿಯುತ್ತದೆ. ಪಾರ್ಟಿ ಖುಷಿ. ಬಿರುಕು ಮಾತ್ರ ಒಳಗೆ ಹಾಗೇ ಇರುತ್ತದೆ. ಆರ್‌ಎ ಮೀಟರಿಗೆ ಅದು ಕಾಣಲ್ಲ. ಜಾಬ್ ಕೊಯ್ದು, ಆಸಿಡ್ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಆಗ ಆ ಪದರ ಬೆಳ್ಳಗೆ ಕಾಣುತ್ತದೆ, ಅದಕ್ಕೇ ವೈಟ್ ಲೇಯರ್ ಅನ್ನೋ ಇನ್ನೊಂದು ಹೆಸರು.

 

ನಮ್ಮೂರ ಬಿದರಿ ಕೆಲಸದವರಿಗೆ ಮೈ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಸತು, ತಾಮ್ರದ ಎರಕದ ಒರಟು ಮೈಯನ್ನು ಅರದಿಂದ ಉಜ್ಜಿ ತೆಗೆದ ಮೇಲೇ ಬೆಳ್ಳಿ ಕೂರಿಸಲು ಗೆರೆ ಕೊರೆಯುತ್ತಾರೆ. ಅಲ್ಲಿ ಯಾರೂ "ಉಜ್ಜೋದು ಬ್ಯಾಡ್ರಿ, ರೇಟ್ ಕಮ್ಮಿ ಮಾಡ್ರಿ" ಅನ್ನಲ್ಲ, ಅಲ್ವಾ?

ನಿನ್ನೆಯವರ ಪಂಚ್ ಇನ್ನೂ ಟೇಬಲ್ ಮೇಲಿದೆ. ಎರಡು ಸ್ಕಿಮ್ ಸೇರಿಸಿ ರೇಟ್ ಹೇಳಿದ್ದೇನೆ. ಒಪ್ಪದಿದ್ದರೆ ಸ್ಟೀಲ್ ವಾಪಸ್ ಒಯ್ಯಲಿ.