ಹಿಡನ್ ಮಾಡಿದ ಮಾತ್ರಕ್ಕೆ ಭದ್ರ ಅಲ್ಲ
ವಿಂಡೋಸ್ ಕಂಪ್ಯೂಟರ್‌ನಲ್ಲಿ ಖಾಸಗಿ ಫೈಲುಗಳು ಬೇರೆಯವರ ಕಣ್ಣಿಗೆ ಬೀಳದಿರಲು ಫೋಲ್ಡರ್‌ನ ಪ್ರಾಪರ್ಟೀಸ್‌ಗೆ ಹೋಗಿ ಹಿಡನ್ ಟಿಕ್ ಮಾಡಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸಾಲದು ಸಾರ್. ಫೋಲ್ಡರ್ ವಿಂಡೋದ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಒತ್ತಿದರೆ ಬಚ್ಚಿಟ್ಟಿದ್ದೆಲ್ಲ ಮಸುಕು ಬಣ್ಣದಲ್ಲಿ ಎದುರಿಗೇ ಬರುತ್ತದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಏಳನೇ ಕ್ಲಾಸಿನ ಹುಡುಗನಿಗೇ ಇದು ಗೊತ್ತು!

ಅಡಿಕೆ ಮಂಡಿ ಲೆಕ್ಕ, ಪಹಣಿ, ಆಧಾರ್ ಸ್ಕ್ಯಾನ್ ಇಟ್ಟುಕೊಂಡವರು ವೆರಾಕ್ರಿಪ್ಟ್ ಅನ್ನೋ, ಫೈಲುಗಳಿಗೆ ಪಾಸ್‌ವರ್ಡ್ ಬೀಗ ಹಾಕುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ, ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಎಲ್ಲ ಒಂದೇ ಫೈಲಿನೊಳಗೆ ಇರುತ್ತದೆ, ಪಾಸ್‌ವರ್ಡ್ ಕೊಟ್ಟರೆ ಬೇರೆ ಡ್ರೈವ್ ಥರ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಮರೆತರೆ ಮಾತ್ರ ಅದನ್ನು ತಯಾರಿಸಿದವರೂ ತೆಗೆದುಕೊಡಲಾರರು.

ಇನ್ನೊಂದು ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅಲ್ವಾ? ಆ ಡ್ರೈವ್‌ನಲ್ಲಿ ಏನಾದರೂ ಸೇವ್ ಆಗುತ್ತಿರುವಾಗಲೇ ಹೋದರೆ ಎಲ್ಲ ತುಂಬಿಟ್ಟ ಆ ವೆರಾಕ್ರಿಪ್ಟ್ ಫೈಲೇ ಕೆಡಬಹುದು. ಸುಮ್ನೆ ತೆರೆದಿಡಬೇಡಿ. ಕೆಲಸ ಆದ ಕೂಡಲೇ ಆ ಡ್ರೈವ್ ಮುಚ್ಚಿ, ಪೆನ್‌ಡ್ರೈವ್‌ನಲ್ಲೂ ಆ ಫೈಲಿನ ಒಂದು ಕಾಪಿ ಇಡಿ.